ಶಾಲಾ ದಾದಿಯೂ ಎರಡು ಅಂಕಿಗಳೂ

ಶಾಲಾಮಕ್ಕಳ ಆರೋಗ್ಯರಕ್ಷಣೆಯ ಇತಿಹಾಸವನ್ನು ಕುರಿತ ಬರಹಗಳಲ್ಲಿ ನ್ಯೂಯಾರ್ಕ್ ನಗರದ ಎರಡು ಅಂಕಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ರೋಗದ ನಿಮಿತ್ತ ಶಾಲೆಯಿಂದ ಹೊರಗಿರಿಸಲ್ಪಟ್ಟ ಮಕ್ಕಳು 1902ರ ಸೆಪ್ಟೆಂಬರಿನಲ್ಲಿ 10,567. 1903ರ ಸೆಪ್ಟೆಂಬರಿನಲ್ಲಿ 1,101. ಈ ನಡುವೆ, 1902ರ ಅಕ್ಟೋಬರಿನಲ್ಲಿ, ಹೆನ್ರಿ ಸ್ಟ್ರೀಟ್ ಸೇವಾಕೇಂದ್ರದ ಲಿಲಿಯನ್ ವಾಲ್ಡ್ ಅವರ ಪ್ರೇರಣೆಯಿಂದ ಲೀನಾ ರೋಜರ್ಸ್ ಎಂಬ ದಾದಿ ನಾಲ್ಕು ಶಾಲೆಗಳಲ್ಲಿ ಒಂದು ತಿಂಗಳ ಪ್ರಯೋಗವನ್ನು ಆರಂಭಿಸಿದ್ದರು. ದಾದಿಯ ಆಗಮನದಿಂದ ಒಂದೇ ವರ್ಷದಲ್ಲಿ ರೋಗವು ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂಬ ನಿರ್ಣಯ ಇದರಿಂದ ಹೊರಡುವುದುಂಟು. ಈ ನಿರ್ಣಯವನ್ನು ನಾವು ಒಪ್ಪಲಾರೆವು.

ಮೊದಲನೆಯದಾಗಿ, ಈ ಅಂಕಿಗಳು ಎಣಿಸುವುದು ರೋಗಗಳನ್ನಲ್ಲ, ಆಜ್ಞೆಗಳನ್ನು. 1897ರಿಂದ ಆ ನಗರದ ಶಾಲೆಗಳಿಗೆ ವೈದ್ಯರು ಭೇಟಿ ಕೊಡುತ್ತಿದ್ದರು. ಅವರ ಕೆಲಸ ರೋಗಿಯನ್ನು ಗುರುತಿಸಿ ಮನೆಗೆ ಕಳುಹಿಸುವುದೇ ಹೊರತು ಚಿಕಿತ್ಸೆ ನೀಡುವುದಾಗಿರಲಿಲ್ಲ. 1902ರಲ್ಲಿ ಲೆಡರ್ಲೆ ಅವರು ಆರೋಗ್ಯಾಧಿಕಾರಿಯಾಗಿದ್ದಾಗ ತಪಾಸಣೆ ಬಿಗಿಯಾಯಿತು. ಟ್ರಕೋಮಾ ಎಂಬ ಕಣ್ಣುಬೇನೆಯುಳ್ಳ ಮಕ್ಕಳನ್ನೂ ಹೊರಗಿಡತೊಡಗಿದರು. ಆದುದರಿಂದ ಮೊದಲಿನ ಅಂಕಿಯು ಸಾಮಾನ್ಯ ಸ್ಥಿತಿಯನ್ನು ತೋರುವುದಿಲ್ಲ. ಬಿಗಿಯಾದ ನಿಯಮದ ಫಲವನ್ನು ತೋರುತ್ತದೆ. ಅದನ್ನೇ ಅಳತೆಗೋಲಾಗಿ ಹಿಡಿದರೆ ಇಳಿಕೆ ಸಹಜವಾಗಿಯೇ ದೊಡ್ಡದಾಗಿ ಕಾಣುತ್ತದೆ.

ಎರಡನೆಯದಾಗಿ, ದಾದಿ ಬಂದ ಮೇಲೆ ನಿಯಮದ ಅರ್ಥವೇ ಬದಲಾಯಿತು. ಹೇನು, ಕಜ್ಜಿ, ಹುಳುಕಡ್ಡಿ, ಸಣ್ಣಪುಟ್ಟ ಹುಣ್ಣುಗಳಿಗೆ ಶಾಲೆಯಲ್ಲಿಯೇ ಮದ್ದು ಹಚ್ಚಿ ಮಗುವನ್ನು ತರಗತಿಗೆ ಮರಳಿಸುವುದು ಸಾಧ್ಯವಾಯಿತು. ಗಂಟಲಮಾರಿ, ದಡಾರಗಳಂತಹ ಜಾಡ್ಯಗಳಲ್ಲಿ ಮಾತ್ರ ಪ್ರತ್ಯೇಕಿಸುವುದು ಅನಿವಾರ್ಯವಾಗಿ ಉಳಿಯಿತು. ನಿನ್ನೆ ಹೊರಗಿದ್ದ ಮಗು ಇಂದು ಅದೇ ಕಜ್ಜಿಯೊಡನೆ ಒಳಗೆ ಕುಳಿತಿರಬಹುದು. ಅಂಕಿಯ ಮಟ್ಟಿಗೆ ಅದು ಇಳಿಕೆಯೇ.

ಹಾಗಾದರೆ ದಾದಿಯ ಸಾಧನೆ ಅಲ್ಪವೆ? ನಮ್ಮ ಅಭಿಪ್ರಾಯ ಅದಲ್ಲ. ತಲೆಯ ಹುಣ್ಣಿನಿಂದಾಗಿ ಶಾಲೆಗೆ ದೂರವಾಗಿ ಹನ್ನೆರಡನೆಯ ವಯಸ್ಸಿಗೆ ಬಂದ ಬಾಲಕನೊಬ್ಬನನ್ನು ವಾಲ್ಡ್ ಅವರು 1915ರ ತಮ್ಮ ಗ್ರಂಥದಲ್ಲಿ ನೆನೆದಿದ್ದಾರೆ. ಅವನ ಕಷ್ಟ ಕೇವಲ ಹುಣ್ಣಿನದಲ್ಲ, ತಪ್ಪಿಹೋದ ವಿದ್ಯೆಯದು. ರೋಗ ಬಂದ ಬಡಮಗು ಓದನ್ನೂ ಕಳೆದುಕೊಳ್ಳಬೇಕಾಗಿಲ್ಲವೆಂದು ತೋರಿಸಿದ್ದೇ ದಾದಿಯ ನಿಜವಾದ ಗೆಲುವು. ಆ ಗೆಲುವಿಗೆ ಈ ಅಂಕಿಗಳು ಒಳ್ಳೆಯ ಸಾಕ್ಷಿ. ರೋಗದ ಸೋಲಿಗೆ ಮಾತ್ರ ಅವು ಸಾಕ್ಷಿಯಲ್ಲ.

ದಾದಿಯು ಮನೆಮನೆಗೆ ಹೋಗಿ ತಾಯಂದಿರೊಡನೆ ಮಾತನಾಡುತ್ತಿದ್ದುದನ್ನೂ ಅಂಕಿಗಳು ಹೇಳಲಾರವು. ಅದರ ಬೆಲೆಯನ್ನು 1906ರ ಜೂನ್ ತಿಂಗಳ ಘಟನೆಯಿಂದ ಅರಿಯಬಹುದು. ಒಂದು ಶಾಲೆಯಲ್ಲಿ ವೈದ್ಯರು ಮಕ್ಕಳ ಗಂಟಲಿನ ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುದೇ ಕಾರಣವಾಗಿ, ಮಕ್ಕಳ ಕತ್ತು ಕೊಯ್ಯುತ್ತಾರೆಂಬ ಸುದ್ದಿ ಪೂರ್ವಭಾಗದ ವಲಸೆಗಾರರ ಕೇರಿಗಳಲ್ಲಿ ಹಬ್ಬಿತು. ಸಾವಿರಾರು ತಾಯಂದಿರು ಶಾಲೆಗಳ ಬಾಗಿಲಿಗೆ ಮುತ್ತಿದರು. ಅವರಲ್ಲಿ ಬಹುಮಂದಿ ಯೆಹೂದ್ಯರು. ರಷ್ಯಾದ ಹತ್ಯಾಕಾಂಡಗಳ ಭೀತಿ ಅವರ ಮನಸ್ಸಿನಿಂದ ಇನ್ನೂ ಅಳಿದಿರಲಿಲ್ಲ. ವಿಶ್ವಾಸವಿಲ್ಲದೆಡೆ ಉಪಕಾರವೂ ಹಿಂಸೆಯಾಗಿ ತೋರಿತು.

ಆದುದರಿಂದ ಶಾಲಾರೋಗ್ಯದ ಚರಿತ್ರೆಯನ್ನು ಬರೆಯುವವರು ಅಂಕಿಯನ್ನು ಉದ್ಧರಿಸುವ ಮುನ್ನ ಯಾರು, ಯಾವ ನಿಯಮದಂತೆ, ಏನನ್ನು ಎಣಿಸಿದರೆಂಬುದನ್ನು ವಿಚಾರಿಸಬೇಕು. ಹೊರಗೆ ಕಳುಹಿಸಿದ ಮಗು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯೂ ಆ ವಿಚಾರಣೆಯ ಒಂದು ಅಂಗ.