ಮಾಸದ ಮೈಕಟ್ಟು: ಹಳೆಯ ಕಾರುಗಳನ್ನು ನೋಡುವ ಬಗೆ

ಕಾರು ಹಳತಾಗುವುದೇ ಬೇರೆ, ಅದರ ರೂಪ ಹಳತಾಗುವುದೇ ಬೇರೆ. ಮಳವಳ್ಳಿಯಿಂದ ಮದ್ದೂರಿಗೋ ಕೊಳ್ಳೇಗಾಲಕ್ಕೋ ಹೋಗುವ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ನಾಲ್ಕು ದಶಕಗಳ ಕಾರುಗಳು ಒಂದರ ಹಿಂದೊಂದು ಸಾಗುತ್ತವೆ. ಮಾರುತಿ 800, ಓಮ್ನಿ, ಇಂಡಿಕಾ, ಕ್ವಾಲಿಸ್, ಇನ್ನೋವಾ, ಮದುವೆ ಕಾಲವಾದರೆ ಹೂವಿನ ಹಾರ ಹೊತ್ತ ಅಂಬಾಸಿಡರ್. ಇವುಗಳಲ್ಲಿ ಕೆಲವು ಬಂದ ನಾಲ್ಕೈದು ವರ್ಷಕ್ಕೇ ಮುದಿಯಾಗಿ ಕಂಡವು. ಇನ್ನು ಕೆಲವು ಇಪ್ಪತ್ತು ಮೂವತ್ತು ವರ್ಷ ದಾಟಿದ ಮೇಲೂ ಈಚಿನ ಕಾರುಗಳ ಸಾಲಿನಲ್ಲಿ ಅಳುಕಿಲ್ಲದೆ ನಿಲ್ಲುತ್ತವೆ. ಈ ವ್ಯತ್ಯಾಸವನ್ನು ಗುರುತಿಸಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಸಾಕು.

ನೋಡುವ ಮೊದಲು ಎರಡು ಸಂಗತಿಗಳನ್ನು ಬದಿಗಿಡಬೇಕು. ಮೊದಲನೆಯದು ಸವೆತ. ಬಿಸಿಲಿಗೆ ಬಿಳಿಚಿದ ಬಂಪರ್, ಮಬ್ಬಾದ ಹೆಡ್‌ಲೈಟ್ ಗಾಜು, ಟಿಂಕರಿಂಗ್ ಆದ ಬಾಗಿಲು ಇವೆಲ್ಲ ಬಳಕೆಯ ಗುರುತುಗಳು, ರೂಪಿಸಿದವನ ತಪ್ಪಲ್ಲ. ಎರಡನೆಯದು ಅಕ್ಕರೆ. ಅಪ್ಪನ ಕಾಲದ ಕಾರು ಎಂಬ ಪ್ರೀತಿಗೆ ಅದರದೇ ಬೆಲೆಯಿದೆ, ಆದರೆ ಪ್ರೀತಿಪಾತ್ರವಾದದ್ದೆಲ್ಲ ಆಧುನಿಕವಾಗಿ ಕಾಣುವುದಿಲ್ಲ.

ಅಂಬಾಸಿಡರ್ ಇದಕ್ಕೆ ಸರಿಯಾದ ನಿದರ್ಶನ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯಿಂದ ಬಂದ ಈ ರೂಪ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಹೆಚ್ಚೇನೂ ಬದಲಾಗದೆ ತಯಾರಾಯಿತು. ಎತ್ತರದ ಸೀಟು, ವಿಶಾಲವಾದ ಹಿಂಬದಿ. ಪಂಚೆ ಉಟ್ಟ ಹಿರಿಯರು ಬಗ್ಗದೆ, ತಡವರಿಸದೆ ಹತ್ತಿ ಕೂರಬಹುದಾದ ಕಾರು. ಆದರೂ ಪಕ್ಕದಿಂದ ನೋಡಿದರೆ ಅದರ ಕಾಲ ತಕ್ಷಣ ಗೊತ್ತಾಗುತ್ತದೆ. ಮುಂದಿನ ಮಡ್‌ಗಾರ್ಡ್ ಬಾನೆಟ್ಟಿನಿಂದ ಬೇರೆಯಾಗಿ ಉಬ್ಬಿ ನಿಂತಿದೆ. ಮಡ್‌ಗಾರ್ಡುಗಳನ್ನು ಪ್ರತ್ಯೇಕವಾಗಿ ಬೋಲ್ಟ್ ಹಾಕಿ ಕೂರಿಸುತ್ತಿದ್ದ ಯುಗದ ನೆನಪು ಅದು. ಟಾಪಿನ ಅಂಚಿನುದ್ದಕ್ಕೂ ಮಳೆನೀರು ಹರಿಯಲು ತಗಡಿನ ಕಾಲುವೆ ಎದ್ದು ಕಾಣುತ್ತದೆ. ಮೈಯೆಲ್ಲ ದುಂಡಗಿದ್ದರೂ ಒಂದು ದುಂಡು ಇನ್ನೊಂದಕ್ಕೆ ಸೇರುವುದಿಲ್ಲ.

ಪ್ರೀಮಿಯರ್ ಪದ್ಮಿನಿಯ ಹಿಂದೆ ಮಂಡ್ಯ ಸೀಮೆಯವರಿಗೆ ಹತ್ತಿರದ ಒಂದು ಕಥೆಯಿದೆ. ಕನ್ನಂಬಾಡಿ ಅಣೆಕಟ್ಟೆ ಕಟ್ಟಿಸಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಸ್ಥಾಪಿಸಲು ಯೋಜನೆ ಹಾಕಿದ್ದರು. ಬ್ರಿಟಿಷ್ ಸರ್ಕಾರ ಅದಕ್ಕೆ ದಾರಿ ಬಿಡಲಿಲ್ಲ. ಆ ಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈ ಕಡೆ ಕಟ್ಟಿದ ಕಂಪನಿಯೇ ಪ್ರೀಮಿಯರ್. ಅದು ತಯಾರಿಸಿದ ಫಿಯೆಟ್ 1100 ಮುಂದೆ ಪದ್ಮಿನಿ ಎಂಬ ಹೆಸರು ಪಡೆಯಿತು. ಅಂಬಾಸಿಡರ್‌ಗಿಂತ ಚೊಕ್ಕವಾದ ಮೈಕಟ್ಟು ಅದರದು. ಆದರೆ ಹಿಂಬದಿಯ ಪುಟ್ಟ ರೆಕ್ಕೆಗಳು ಅಂದಿನ ಅಮೆರಿಕನ್ ಷೋಕಿಯ ನೆರಳು. ಕಾರನ್ನು ಬೇಗ ಮುದಿಯಾಗಿಸುವುದು ಇಂಥ ಅಂಟಿಸಿದ ಅಲಂಕಾರ.

ಮೈಕಟ್ಟನ್ನು ಅಳೆಯಲು ಕಾರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನೇರ ಪಕ್ಕಕ್ಕೆ ನಿಲ್ಲಬೇಕು. ಬಣ್ಣ, ಲೈಟು, ಹೆಸರು ಎಲ್ಲ ಮರೆತು ಚಕ್ರಗಳನ್ನು ಮಾತ್ರ ನೋಡಬೇಕು. ಚಕ್ರಗಳು ನಾಲ್ಕು ಮೂಲೆಗೆ ಎಷ್ಟು ಸರಿದಿವೆ? ಮುಂದಿನ ಚಕ್ರದಾಚೆ ಮೂತಿ, ಹಿಂದಿನ ಚಕ್ರದಾಚೆ ಡಿಕ್ಕಿ ಎಷ್ಟು ಚಾಚಿವೆ? ಚಾಚಿದ್ದು ಕಡಿಮೆಯಾದಷ್ಟೂ ಕಾರು ನೆಲಕ್ಕೆ ಗಟ್ಟಿಯಾಗಿ ಊರಿ ನಿಂತಂತೆ ಕಾಣುತ್ತದೆ. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಇದಕ್ಕೆ ದಾರಿ ತೋರಿತು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ಓಡಿಸಿದ್ದರಿಂದ ಬಾನೆಟ್ಟು ಗಿಡ್ಡವಾಯಿತು, ಉಳಿದ ಜಾಗವೆಲ್ಲ ಕೂರುವವರಿಗೆ ಸಿಕ್ಕಿತು.

ಅದೇ ಲೆಕ್ಕಾಚಾರದ ಕೂಸು ಮಾರುತಿ 800. 1983ರ ಡಿಸೆಂಬರಿನಲ್ಲಿ ಬಂದು, 1986ರಲ್ಲಿ ರೂಪ ಬದಲಿಸಿಕೊಂಡ ಈ ಕಾರಿನ ಉದ್ದ ಮೂರೂ ಕಾಲು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. 1986ರ ರೂಪವನ್ನು ಇಂದು ನಿಧಾನವಾಗಿ ನೋಡಿದರೆ ಗೌರವ ಹುಟ್ಟುತ್ತದೆ. ಗೆರೆಗಳು ನೇರ, ಗಾಜು ಧಾರಾಳ, ಅನಗತ್ಯವಾದ ಒಂದು ಮಡಿಕೆಯೂ ಇಲ್ಲ. ಆದರೂ ಅದು ಹಳೆಯದೆನಿಸಲು ಮುಖ್ಯ ಕಾರಣ 12 ಇಂಚಿನ ಚಕ್ರ. ಈಗಿನ ಕಣ್ಣು ದೊಡ್ಡ ಚಕ್ರಕ್ಕೆ ಒಗ್ಗಿದೆ. ಮನಸ್ಸಿನಲ್ಲೇ ಎರಡು ಇಂಚು ದೊಡ್ಡ ಚಕ್ರ ಹಾಕಿ ನೋಡಿದರೆ ಆ ಕಾರಿನ ನಿಜವಾದ ಅಂದ ತಿಳಿಯುತ್ತದೆ.

ಚಕ್ರದ ನಂತರ ಗಾಜು. ಟಾಪನ್ನು ಹೊರುವ ಪಿಲ್ಲರುಗಳು ತೆಳ್ಳಗಿದ್ದರೆ ಕಾರು ಹಗುರಾಗಿ ಕಾಣುತ್ತದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಕಡ್ಡಿಯಂಥ ಪಿಲ್ಲರುಗಳ ಮೇಲೆ ನಿಂತ ಅದರ ಟಾಪು ಅಂಬಾಸಿಡರಿನ ಭಾರದ ಪಕ್ಕದಲ್ಲಿ ಬೇರೆಯೇ ಲೋಕದ್ದು. ಅಪಘಾತದಲ್ಲಿ ಒಳಗಿನವರನ್ನು ಕಾಯಬೇಕಾದ್ದರಿಂದ ಈಗಿನ ಪಿಲ್ಲರುಗಳು ದಪ್ಪಗಿವೆ. ಅದು ಆಗಲೇಬೇಕಾದ ಬದಲಾವಣೆ.

ಗಾಜಿನ ವಿಚಾರದಲ್ಲಿ ಭಾರತದ ಅತ್ಯುತ್ತಮ ಕೆಲಸ 1991ರ ಟಾಟಾ ಸಿಯೆರಾ. ಟಾಟಾಮೊಬೈಲ್ ಪಿಕಪ್ಪಿನ ತಳಹದಿಯ ಮೇಲೆ ನಿಂತ, ಪಕ್ಕಕ್ಕೊಂದೇ ಬಾಗಿಲಿನ ಗಾಡಿ. ಅದರ ಹಿಂಬದಿಯ ಪಕ್ಕದ ಗಾಜು ಬಾಗಿಲಿನ ಹಿಂದೆ ಶುರುವಾಗಿ, ಮೇಲೇರುತ್ತಾ ಬಾಗಿ ಟಾಪಿನೊಳಕ್ಕೇ ಸೇರುತ್ತದೆ. ಗಾಜೆಲ್ಲಿ ಮುಗಿದು ಟಾಪೆಲ್ಲಿ ಶುರುವಾಯಿತೆಂದು ಕಣ್ಣಿಗೆ ಗೆರೆ ಸಿಗುವುದಿಲ್ಲ. ಆ ಗಾಜು ತೆರೆಯುತ್ತಿರಲಿಲ್ಲ, ನಮ್ಮ ಬಿಸಿಲಿಗೆ ಹಿಂದೆ ಕೂತವರು ಬೆವರಿದ್ದೂ ನಿಜ. ಆದರೆ ಆ ರೂಪ ಎಷ್ಟು ಮುಂದಿತ್ತೆಂದರೆ, 2020ರ ಆಟೋ ಎಕ್ಸ್‌ಪೋದಲ್ಲಿ ಸಿಯೆರಾ ಹೆಸರನ್ನು ಮತ್ತೆ ತಂದಾಗ ಕಂಪನಿ ಅದೇ ಬಾಗಿದ ಗಾಜಿನ ನೆನಪನ್ನು ಮುಂದಿಟ್ಟುಕೊಂಡೇ ಬಂದಿತು.

ಮೂರನೆಯದು ಮೈಚರ್ಮ. ಸಂಜೆಯ ಇಳಿಬಿಸಿಲಿನಲ್ಲಿ ಕಾರಿನ ಪಕ್ಕದ ಮೇಲೆ ಬೆಳಕು ಹೇಗೆ ಹರಿಯುತ್ತದೆ ಎಂಬುದನ್ನು ಗಮನಿಸಬೇಕು. ಗಗನಚುಕ್ಕಿ ಜಲಪಾತದ ಬಳಿ ಗಾಡಿ ನಿಲ್ಲಿಸುವ ಜಾಗದಂಥ ಬಯಲು ಇದಕ್ಕೆ ಒಳ್ಳೆಯದು. ಒಳ್ಳೆಯ ಮೈಯ ಮೇಲೆ ಬೆಳಕಿನ ಪಟ್ಟಿ ಮುಂದಿನಿಂದ ಹಿಂದಿನವರೆಗೆ ತುಂಡಾಗದೆ ಸಾಗುತ್ತದೆ. ಶಿಲ್ಪಿಯೂ ಆಗಿದ್ದ ಫ್ಲಾಮಿನಿಯೊ ಬೆರ್ಟೋನಿ ರೂಪಿಸಿ, 1955ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಬಂದ ಸಿಟ್ರೊಯೆನ್ ಡಿಎಸ್ ಇದರಲ್ಲಿ ಇಂದಿಗೂ ಗುರುಸ್ಥಾನದಲ್ಲಿದೆ. ನಮ್ಮ ರಸ್ತೆಗಳಿಗೆ ಬಂದವುಗಳಲ್ಲಿ ಆ ಗೌರವ ಫಿಯೆಟ್ ಉನೊಗೆ ಸಲ್ಲಬೇಕು. ಜೊರ್ಜೆಟ್ಟೊ ಜುಜಾರೊ ರೂಪಿಸಿದ ಉನೊ ಯುರೋಪಿನಲ್ಲಿ 1983ರಲ್ಲಿ ಬಂದು, 1984ರ ವರ್ಷದ ಕಾರು ಎನಿಸಿತು. ಭಾರತಕ್ಕೆ ಬರುವಾಗ ಹತ್ತು ವರ್ಷ ದಾಟಿತ್ತು. ಹತ್ತಿರ ಹೋಗಿ ನೋಡಿದರೆ ಮುಂದಿನ ಗಾಜಿಗೆ ಒಂದೇ ವೈಪರ್. ಹಿಂಭಾಗ ಕತ್ತರಿಸಿದಂತೆ ನೇರ. ಚಿಕ್ಕ ಕಾರನ್ನು ಎತ್ತರಿಸಿದರೆ ಒಳಗೆ ಜಾಗ ಹೆಚ್ಚುತ್ತದೆ ಎಂಬ, ಇಂದಿನ ಪುಟ್ಟ ಕಾರುಗಳೆಲ್ಲ ಪಾಲಿಸುವ ಸೂತ್ರ ಅದರಲ್ಲಿ ಆಗಲೇ ಪೂರ್ಣವಾಗಿತ್ತು.

1993ರ ಮಾರುತಿ ಜೆನ್ ಮೈಚರ್ಮದ ಪಾಠವನ್ನು ದುಂಡಗೆ ಬರೆಯಿತು. ಮೂಲೆಗಳೆಲ್ಲ ಸವರಿದ ಪುಟ್ಟ ಮೈ, ತಗ್ಗಿದ ನಿಲುವು. ಸುಸ್ಥಿತಿಯಲ್ಲಿರುವ ಜೆನ್ ಈಗಲೂ ತಿರುಗಿ ನೋಡುವಂತೆ ಮಾಡುತ್ತದೆ. ಪೊಲೀಸ್, ಅರಣ್ಯ ಇಲಾಖೆಗಳಲ್ಲಿ ದುಡಿದ ಜಿಪ್ಸಿಯದು ಬೇರೆ ದಾರಿ. ಅದರಲ್ಲಿ ಷೋಕಿಯೇ ಇರಲಿಲ್ಲ, ಹಾಗಾಗಿ ಹಳತಾಗಲು ಏನೂ ಉಳಿಯಲಿಲ್ಲ.

ಕರ್ನಾಟಕದಲ್ಲೇ ತಯಾರಾದ ಕಾರುಗಳಲ್ಲಿ ಒಂದು ಜೋಡಿಯನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. ಎರಡೂ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯ ಟೊಯೊಟ ಕಾರ್ಖಾನೆಯಿಂದ ಹೊರಬಂದವು: 2000ದ ಕ್ವಾಲಿಸ್, 2005ರ ಇನ್ನೋವಾ. ನಡುವೆ ಐದೇ ವರ್ಷ. ರೂಪದಲ್ಲಿ ಒಂದು ತಲೆಮಾರಿನ ಅಂತರ. ಇಂಡೋನೇಷ್ಯಾದಲ್ಲಿ ಮೊದಲೇ ಓಡುತ್ತಿದ್ದ ಕಿಜಾಂಗ್‌ನಿಂದ ಬಂದ ಕ್ವಾಲಿಸ್‌ನಲ್ಲಿ ಬಾನೆಟ್ಟು ಒಂದು ಡಬ್ಬ, ಕೂರುವ ಜಾಗ ಇನ್ನೊಂದು ಡಬ್ಬ; ಎರಡೂ ಸೇರುವಲ್ಲಿ ಮುಂದಿನ ಗಾಜು ಗೋಡೆಯಂತೆ ಎದ್ದು ನಿಂತಿದೆ. ಇನ್ನೋವಾದಲ್ಲಿ ಮೂತಿಯಿಂದ ಹೊರಟ ಗೆರೆ ಬಾನೆಟ್ಟಿನ ಮೇಲೆ ಹಾದು, ಗಾಜನ್ನು ಅದೇ ಓಟದಲ್ಲಿ ಏರಿ, ಟಾಪಿನುದ್ದಕ್ಕೂ ಸಾಗಿ ಹಿಂದೆ ಇಳಿಯುತ್ತದೆ. ಕೆಳಗೆ ಮಾತ್ರ ಎರಡೂ ಒಂದೇ ಜಾತಿ, ಲಾರಿಯಂತೆ ಚಾಸಿ ಮೇಲೆ ಮೈ ಕೂರಿಸಿದ, ಹಿಂದಿನ ಚಕ್ರ ಓಡಿಸುವ ಗಾಡಿಗಳು. ತಂತ್ರ ಹಳೆಯದಿದ್ದೂ ರೂಪ ಮುಂದಿರಬಹುದು ಎನ್ನುವುದಕ್ಕೆ ಇನ್ನೋವಾಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದರ ತಿರುವುಮುರುವು ಬೆಂಗಳೂರಿನ ರೇವಾ. ಚೇತನ್ ಮೈನಿಯವರ ನೇತೃತ್ವದಲ್ಲಿ 2001ರಲ್ಲಿ ಮಾರುಕಟ್ಟೆಗೆ ಬಂದ ಈ ವಿದ್ಯುತ್ ಕಾರು ವಿಚಾರದಲ್ಲಿ ದೇಶಕ್ಕಿಂತ ಎಷ್ಟೋ ವರ್ಷ ಮುಂದಿತ್ತು, ಅದರ ಸಾಹಸಕ್ಕೆ ತಲೆಬಾಗಲೇಬೇಕು. ಆದರೆ ಅಷ್ಟು ಚಿಕ್ಕ ಅಳತೆಯಲ್ಲಿ ಎತ್ತರ ಹೆಚ್ಚಾಗಿ, ಚಕ್ರ ಚಿಕ್ಕದಾಗಿ, ರೂಪ ಆ ವಿಚಾರದ ಮಟ್ಟಕ್ಕೆ ಏರಲಿಲ್ಲ.

ಮುಖವನ್ನು ಕೊನೆಗೆ ನೋಡುವುದು ಒಳ್ಳೆಯದು, ಏಕೆಂದರೆ ಕಣ್ಣನ್ನು ಮೊದಲು ಸೆಳೆಯುವುದೂ ಮೊದಲು ಹಳತಾಗುವುದೂ ಅದೇ. ಗ್ರಿಲ್, ಲೈಟುಗಳನ್ನು ಕಂಪನಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತವೆ. 1998ರ ಇಂಡಿಕಾ ಇಟಲಿಯ ಟ್ಯೂರಿನ್ ನಗರದ ಐಡಿಯಾ ಸಂಸ್ಥೆಯ ನೆರವಿನಿಂದ ರೂಪುಗೊಂಡಿತ್ತು. ಮುಂದೆ ಮುಖ ಬದಲಾಗುತ್ತಾ ಹೋದರೂ ಪಕ್ಕದ ನೋಟ ಗಟ್ಟಿಯಾಗಿಯೇ ಉಳಿಯಿತು.

ಇನ್ನೂ ಹಿಂದಿನ ಕಾರುಗಳನ್ನು ನೋಡಬಯಸುವವರು ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬದಿಯಲ್ಲಿರುವ, ಧರ್ಮಸ್ಥಳ ಕ್ಷೇತ್ರದ ‘ಪಯಣ’ ಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ಕಾರುಗಳನ್ನು ಇಸವಿಯ ಕ್ರಮದಲ್ಲಿ ನೋಡುತ್ತಾ ಮೂರು ಭಾಗಗಳ ಮೇಲೆ ಕಣ್ಣಿಡಬೇಕು: ಬಾಗಿಲ ಕೆಳಗಿನ ಕಾಲುಮೆಟ್ಟಿಲು, ಬಿಡಿಬಿಡಿ ಮಡ್‌ಗಾರ್ಡು, ಹೊರಗೆ ನಿಂತ ಹೆಡ್‌ಲೈಟು. ದಶಕದಿಂದ ದಶಕಕ್ಕೆ ಮೂರೂ ಒಂದೊಂದಾಗಿ ಕರಗಿ ಮೈಯೊಳಗೆ ಸೇರುತ್ತಾ ಬರುವುದು ಕಾಣುತ್ತದೆ.