ಡ್ರ್ಯಾಗನ್ ಹೊತ್ತ ಪ್ರೀತಿ

ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ ಕಾದಂಬರಿ 2023ರಲ್ಲಿ ಎಬ್ಬಿಸಿದ ಅಬ್ಬರ ದೊಡ್ಡದು. ಪ್ರಣಯಕ್ಕೆ ಮಾಯಾಲೋಕವನ್ನು ಬೆಸೆಯುವ ಇಂಥ ಕೃತಿಗಳಿಗೆ ಈಗ ‘ರೊಮ್ಯಾಂಟಸಿ’ ಎಂಬ ಹೆಸರು ಬಿದ್ದಿದೆ. ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರದ ಕಾಲೇಜಿಗೆ ಬರುವ ತರುಣಿಯ ಮೊಬೈಲಿಗೂ ಈ ಹೊಗಳಿಕೆ ತಲುಪಬಲ್ಲದು, ಹೊಸ ಬಗೆಯ ಸಾಹಿತ್ಯವೆಂಬ ಹಣೆಪಟ್ಟಿಯೊಂದಿಗೆ. ಈ ಊರಿಗಂತೂ ಅದು ಹೊಸದಲ್ಲ. ಇಲ್ಲಿಂದಲೇ ಆಳಿದ ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನಕವಿ ನುಸ್ರತಿ 1657ರ ಸುಮಾರಿಗೆ ದಖನಿ ಭಾಷೆಯಲ್ಲಿ ‘ಗುಲ್ಶನ್-ಎ-ಇಶ್ಕ್’ ಬರೆದ. ಪರಿಯರೆಂಬ ಕಿನ್ನರಿಯರು, ರಾಕ್ಷಸ, ಶಾಪ, ಹಕ್ಕಿಯಾಗುವ ರಾಜಕುಮಾರಿ, ಎಲ್ಲ ಇರುವ ಪ್ರೇಮಕಥೆ ಅದು. ಅದರ ಪಕ್ಕದಲ್ಲಿಟ್ಟು ಓದಿದರೆ ‘ಫೋರ್ತ್ ವಿಂಗ್’ ನಿರಾಸೆ ಮಾಡುವುದು ಯಾಕೆಂದು ತಿಳಿಯುತ್ತದೆ. ಮಾಯೆ ಪ್ರೇಮಿಗಳಿಗೆ ಕೆಲಸ ಹಚ್ಚಬೇಕು. ಅವರ ಕೆಲಸವನ್ನು ತಾನೇ ಮಾಡಿ ಮುಗಿಸಬಾರದು.

ನುಸ್ರತಿಯ ಕಥೆ ಅವನ ಸ್ವಂತದ್ದಲ್ಲ. 1545ರಲ್ಲಿ ಕವಿ ಮಂಝನ್ ಅವಧಿ ಭಾಷೆಯಲ್ಲಿ ಬರೆದ ‘ಮಧುಮಾಲತೀ’ಯ ಕಥೆಯದು. ಪರಿಯರು ಮಲಗಿದ್ದ ರಾಜಕುಮಾರ ಮನೋಹರನನ್ನು ಒಂದೇ ರಾತ್ರಿಯಲ್ಲಿ ರಾಜಕುಮಾರಿ ಮಧುಮಾಲತಿಯ ಅರಮನೆಗೆ ಹೊತ್ತೊಯ್ಯುತ್ತಾರೆ. ಇಬ್ಬರೂ ಎಚ್ಚೆತ್ತು, ಮನಸ್ಸು ಕೊಟ್ಟು, ಉಂಗುರ ಬದಲಿಸಿಕೊಳ್ಳುತ್ತಾರೆ. ನಿದ್ದೆ ಬಂದದ್ದೇ ತಡ, ಪರಿಯರು ಅವನನ್ನು ಮರಳಿ ತಂದುಬಿಡುತ್ತಾರೆ. ಬೆಳಗಾದರೆ ಕೈಯಲ್ಲಿ ಅವಳ ಉಂಗುರವಿದೆ, ಅವಳ ಊರಿನ ದಾರಿ ಗೊತ್ತಿಲ್ಲ. ರೆಕ್ಕೆಯ ಮೇಲೆ ಒಂದೇ ರಾತ್ರಿಗೆ ಮುಗಿದ ಹಾದಿಯನ್ನು ಅವನೀಗ ಜೋಗಿಯಾಗಿ, ಹಡಗು ಒಡೆದು ಕಡಲಿಗೆ ಬಿದ್ದು, ಕಾಡು ಅಲೆದು ಸವೆಸಬೇಕು. ದಾರಿಯಲ್ಲಿ ರಾಕ್ಷಸನ ಸೆರೆಯಲ್ಲಿದ್ದ ಇನ್ನೊಬ್ಬ ರಾಜಕುಮಾರಿಯನ್ನು ಬಿಡಿಸುತ್ತಾನೆ. ಅವಳ ನೆರವಿನಿಂದಲೇ ಮಧುಮಾಲತಿಯನ್ನು ಮತ್ತೆ ಕಾಣುವ ಹಾದಿ ತೆರೆಯುತ್ತದೆ. ಅಷ್ಟರಲ್ಲಿ ಮಧುಮಾಲತಿಯ ತಾಯಿ ಸಿಟ್ಟಿನಲ್ಲಿ ಮಗಳನ್ನೇ ಹಕ್ಕಿಯಾಗಿಸುತ್ತಾಳೆ. ಇಲ್ಲಿ ಮಾಯೆ ಸುಖದ ರುಚಿ ತೋರಿಸಿ ಕಸಿದುಕೊಳ್ಳುತ್ತದೆ. ಆ ತೆರವನ್ನು ತುಂಬುವ ಹೊಣೆ ಮನುಷ್ಯರದು.

‘ಫೋರ್ತ್ ವಿಂಗ್’ನ ಮೊದಲ ಪುಟಗಳಲ್ಲಿ ಈ ಕಸುವು ಖಂಡಿತ ಇದೆ. ಮೂಳೆ, ಕೀಲು ಗಟ್ಟಿಯಿಲ್ಲದ ವೈಲೆಟ್ ಗ್ರಂಥಗಳ ನಡುವೆ ಬದುಕಬೇಕೆಂದವಳು. ಸೇನಾಪತಿಯಾದ ತಾಯಿ ಅವಳನ್ನು ಡ್ರ್ಯಾಗನ್ ಸವಾರರ ಶಾಲೆಗೆ ದಬ್ಬುತ್ತಾಳೆ. ಕಾಲು ಜಾರಿದರೆ ಸಾವೇ ಎಂಬಂಥ ಇಕ್ಕಟ್ಟಾದ ಕಲ್ಲುಸೇತುವೆಯನ್ನು ಅವಳು ದಾಟುವ ಪ್ರಸಂಗ ಉಸಿರು ಹಿಡಿಸುತ್ತದೆ. ಅವಳ ಎದುರು ನಿಂತ ಝೇಡನ್ ದಂಗೆಯ ನಾಯಕನ ಮಗ. ಅವನ ತಂದೆಗೆ ಮರಣದಂಡನೆಯಾಗಿದೆ; ಆಜ್ಞೆ ಮಾಡಿದ ಪಕ್ಷದಲ್ಲಿ ಅವಳ ತಾಯಿಯಿದ್ದಾಳೆ. ಇಷ್ಟು ರಕ್ತ ಹರಿದ ಎರಡು ಮನೆಗಳ ನಡುವೆ ಪ್ರೀತಿ ಹುಟ್ಟುವುದೆಂದರೆ ಎಂಥ ಕಥೆಯಾಗಬಹುದಿತ್ತು! ಆದರೆ ಲೇಖಕಿ ಅಲ್ಲೊಂದು ಸುಲಭದ ದಾರಿ ಹಿಡಿಯುತ್ತಾರೆ. ಇಬ್ಬರ ಡ್ರ್ಯಾಗನ್‌ಗಳೂ ಜೋಡಿ. ಬಹಳ ದಿನ ಅಗಲಿರಲಾರವು, ಹಾಗಾಗಿ ಸವಾರರೂ ಅಗಲುವಂತಿಲ್ಲ. ಡ್ರ್ಯಾಗನ್‌ಗಳ ಬಯಕೆ ಸವಾರರ ಮೈಗೂ ಹರಿಯುತ್ತದೆ. ಕ್ಷಮಿಸುವುದೋ ಬಿಡುವುದೋ ಎಂದು ವೈಲೆಟ್ ತೂಗಿ ನೋಡಬೇಕಾದ ಕಡೆ ಡ್ರ್ಯಾಗನ್ ಅವಳ ಪರವಾಗಿ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಹಳೆಯದೆಲ್ಲ ಹೊನ್ನು ಎಂಬ ವಾದ ಇದಲ್ಲ. ಕನ್ನಡದ ಮೊದಲ ಶೃಂಗಾರ ಚಂಪೂ ಎಂದು ಮೆರೆದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ವೂ ಇದೇ ಕಾರಣಕ್ಕೆ ಬಳಲಿಸುತ್ತದೆ. ಕಂದರ್ಪ, ಲೀಲಾವತಿ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಸೋಲುತ್ತಾರೆ; ಕನಸು ಎಲ್ಲವನ್ನೂ ನಿಶ್ಚಯಿಸಿದ ಮೇಲೆ ಕವಿಗೆ ಉಳಿಯುವುದು ವರ್ಣನೆಯೊಂದೇ. ಎಂಟು ಶತಮಾನದ ಅಂತರವಿದ್ದರೂ ರೋಗ ಒಂದೇ.

ನನ್ನ ಮಾತಿಗೆ ಇದಕ್ಕಿಂತ ತೂಕದ ಆಕ್ಷೇಪ ಹೆಣ್ಣು ಓದುಗರದ್ದು. ಹಳೆಯ ಕಥೆಗಳಲ್ಲಿ ಮಧುಮಾಲತಿ ಬಯಸಿದ ತಪ್ಪಿಗೆ ಹಕ್ಕಿಯಾದಳು. ಗೋಲಗುಮ್ಮಟದ ದಂತಕಥೆಯಲ್ಲಿ ದೊರೆ ಮಹಮ್ಮದ್ ಆದಿಲ್‌ಶಾಹ ಕೇಳಿದ ಪ್ರೀತಿಯ ಸಾಕ್ಷಿಗಾಗಿ ಅವನ ಪ್ರೇಯಸಿ ರಂಭೆ ಪಿಸುಗುಟ್ಟುವ ಗ್ಯಾಲರಿಯಿಂದ ಹಾರಿ ಸತ್ತಳು. ಇಂಥವನ್ನು ಕೇಳುತ್ತ ಬೆಳೆದವಳಿಗೆ ಸಾಯದ, ನಾಚದ, ಆಕಾಶಕ್ಕೆ ಏರುವ ನಾಯಕಿ ಬೇಕೆನಿಸುವುದು ನ್ಯಾಯವೇ. ವೈಲೆಟ್ ಆ ಆಸೆಯನ್ನು ಎಬ್ಬಿಸುತ್ತಾಳೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ನಿರಾಸೆಯ ಬೇರು ಇರುವುದೂ ಅಲ್ಲೇ. ರಂಭೆಯ ಆಯ್ಕೆಯನ್ನು ದೊರೆ ಕಸಿದುಕೊಂಡ, ವೈಲೆಟ್‌ಳ ಆಯ್ಕೆಯನ್ನು ಡ್ರ್ಯಾಗನ್ ಕಸಿದುಕೊಂಡಿತು. ಆ ಸೇತುವೆಯನ್ನು ಯಾರ ರೆಕ್ಕೆಯ ಹಂಗಿಲ್ಲದೆ ದಾಟಿದ ಹುಡುಗಿ ಝೇಡನ್‌ನ ಹತ್ತಿರಕ್ಕೂ ತನ್ನ ಕಾಲ ಮೇಲೆಯೇ ನಡೆದು ಹೋಗಬಲ್ಲವಳಾಗಿದ್ದಳು.