ಹೆಬ್ಬೆಟ್ಟಿನ ಓದು

ಒಂದು ಭಾನುವಾರ ಅಪ್ಪ ವಾಟ್ಸ್‌ಆ್ಯಪಿನಲ್ಲಿ ನನಗೊಂದು ಉದ್ದನೆಯ ಸಂದೇಶ ಕಳಿಸಿದರು. ಅವರಿರುವುದು ಭದ್ರಾವತಿಯಲ್ಲಿ, ಪೇಪರ್ ಟೌನಿನ ಹತ್ತಿರ. ನಾನಿರುವುದು ಶಿವಮೊಗ್ಗದಲ್ಲಿ. ನಡುವೆ ಸುಮಾರು 20 ಕಿಲೋಮೀಟರ್ ದಾರಿ. ಸಂದೇಶ ತೆರೆದೆ. ಹೆಬ್ಬೆರಳಿನಿಂದ ಎರಡು ಸಲ ಮೇಲಕ್ಕೆ ತಳ್ಳಿದೆ. ತಳ ಬಂತು. ಅದೇ ಹೆಬ್ಬೆರಳಿನಿಂದ ಒಂದು ಹೆಬ್ಬೆರಳಿನ ಚಿತ್ರವನ್ನು ಒತ್ತಿ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿದರು.

"ಓದಿದ್ಯಾ ಪುಟ್ಟಿ?"

"ಹೂಂ ಅಪ್ಪ, ಚೆನ್ನಾಗಿದೆ."

"ಚೆನ್ನಾಗಿರೋಕೆ ಅದ್ರಲ್ಲೇನಿದೆ? ಕಣ್ಣಿನ ಡಾಕ್ಟ್ರು ಹೇಳಿದ್ದನ್ನ ಬರ್ದಿದ್ದೆ."

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಪಠ್ಯವನ್ನು ಹೇಗೆ ಓದಬೇಕು, ಯಾವ ಪದದ ಹತ್ತಿರ ನಿಲ್ಲಬೇಕು ಎಂದು ವರ್ಷಗಟ್ಟಲೆ ಹೇಳಿದವಳು. ಕೃತಿಯನ್ನು ವಿಮರ್ಶೆ ಮಾಡುತ್ತೇವೆ, ಓದುಗನನ್ನೂ ಮಾಡುತ್ತೇವೆ; ಓದುವ ಕೈಯನ್ನು ಮಾತ್ರ ಯಾರೂ ವಿಮರ್ಶಿಸುವುದಿಲ್ಲ. ಅವತ್ತಿನಿಂದ ನನ್ನ ಬೆರಳುಗಳನ್ನು ನಾನೇ ಗಮನಿಸತೊಡಗಿದೆ. ಮೊಬೈಲಿನ ಗಾಜಿನ ಮೇಲೆ ಅವು ಮಾಡುವ ಕೆಲಸ ಬೆರಳೆಣಿಕೆಯಷ್ಟೇ: ತಟ್ಟುವುದು, ಒತ್ತಿ ಹಿಡಿಯುವುದು, ಪಕ್ಕಕ್ಕೆ ಸರಿಸುವುದು, ಮೇಲಕ್ಕೆ ತಳ್ಳುವುದು, ಕೆಳಕ್ಕೆ ಎಳೆದು ಬಿಡುವುದು, ಎರಡು ಬೆರಳು ಅಗಲಿಸುವುದು. ಇವುಗಳಲ್ಲಿ ನನಗೆ ಯಾವುದು ಇಷ್ಟ, ಯಾವುದು ಬೇಡ, ಏಕೆ ಎಂಬುದೇ ಈ ಬರಹ.

ಪಕ್ಕಕ್ಕೆ ಸರಿಸಿ ಪುಟ ತಿರುವುವುದರಿಂದ ಶುರು ಮಾಡುತ್ತೇನೆ. 2010ರಲ್ಲಿ ಐಪ್ಯಾಡಿನ ಜೊತೆ ಬಂದ ಓದುವ ಆ್ಯಪಿನಲ್ಲಿ ಬೆರಳು ಎಳೆದರೆ ಪುಟ ನಿಜವಾದ ಹಾಳೆಯಂತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮೊದಲ ಸಲ ನೋಡಿದಾಗ ನಾನೂ ಮೂಗಿನ ಮೇಲೆ ಬೆರಳಿಟ್ಟಿದ್ದೆ. ಆಮೇಲೆ ಅದು ಬರಿಯ ವೇಷ ಅನ್ನಿಸಿತು. ನಮ್ಮ ಮನೆಯಲ್ಲಿ ಅಜ್ಜ ನಾಲಗೆಗೆ ಬೆರಳು ತಾಗಿಸಿ ಪುಟ ತಿರುವಿದರೆ, ಸರಸ್ವತಿಗೆ ಎಂಜಲು ಮಾಡಬೇಡಿ ಎಂದು ಅಮ್ಮ ಗೊಣಗುತ್ತಿದ್ದರು. ಆ ಎಂಜಲೂ ಇಲ್ಲ, ಗೊಣಗಾಟವೂ ಇಲ್ಲ, ಎಷ್ಟು ಪುಟ ಉಳಿದಿದೆ ಎಂದು ಬಲಗೈಗೆ ತಿಳಿಯುವ ದಪ್ಪವೂ ಇಲ್ಲ. ಹಳೆಯದರ ನೆನಪನ್ನು ಮಾತ್ರ ಮಾರುವ ಇಂಥ ಅನುಕರಣೆ ನಮ್ಮ ಕೆಲವು ಕಾದಂಬರಿಗಳಲ್ಲೂ ಇದೆ. ಕೆಟ್ಟದ್ದೇನಲ್ಲ, ಬೇಗ ಮರೆತುಹೋಗುತ್ತದೆ.

ಒತ್ತಿ ಹಿಡಿಯುವುದು ಇದಕ್ಕಿಂತ ಮೇಲು. ಅದರಲ್ಲಿ ಸ್ವಲ್ಪ ತಾಳ್ಮೆ ಇದೆ. ಕೆಲವು ಕೀಲಿಮಣೆಗಳಲ್ಲಿ ಒಂದು ಅಕ್ಷರವನ್ನು ಒತ್ತಿ ಹಿಡಿದರೆ ಅದರ ಮಹಾಪ್ರಾಣ ಮೇಲೇಳುತ್ತದೆ. ಐಐಟಿ ಬಾಂಬೆಯವರು ರೂಪಿಸಿದ 'ಸ್ವರಚಕ್ರ'ದಲ್ಲಿ ವ್ಯಂಜನವನ್ನು ಮುಟ್ಟಿದರೆ ಸುತ್ತಲೂ ಅದರ ಕಾಗುಣಿತ ಚಕ್ರದಂತೆ ಅರಳುತ್ತದೆ. ಬೇಕಾದ ಸ್ವರದತ್ತ ಬೆರಳು ಜಾರಿಸಿದರೆ ಅಕ್ಷರ ಮೂಡುತ್ತದೆ. ಸ್ಲೇಟಿನ ಮೇಲೆ ಕ, ಕಾ, ಕಿ, ಕೀ ತಿದ್ದಿದ ನಮಗೆ ಇದು ಹೊರಗಿನಿಂದ ಬಂದದ್ದು ಅನ್ನಿಸುವುದೇ ಇಲ್ಲ. ಇಂಗ್ಲಿಷಿನ ಬೆರಳಿಗೆ ಕನ್ನಡ ಒಗ್ಗಿಕೊಳ್ಳುವ ಬದಲು ಕನ್ನಡದ ಕಟ್ಟೇ ಬೆರಳಿಗೆ ದಾರಿ ತೋರಿಸುವ ಅಪರೂಪದ ಮುಟ್ಟುವಿಕೆ ಇದು.

ಆದರೂ ನನ್ನ ಮೊದಲ ಅಂಕ ಎರಡು ಬೆರಳು ಅಗಲಿಸಿ ದೊಡ್ಡದು ಮಾಡುವುದಕ್ಕೇ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ತೋರಿಸಿದಾಗ ಫೋಟೋ ಹಿಗ್ಗಿಸಿ ಚಪ್ಪಾಳೆ ಗಿಟ್ಟಿಸಿದ್ದು ಇದರಿಂದಲೇ. ನನಗೆ ಅದರ ಬೆಲೆ ಗೊತ್ತಾದದ್ದು ತರಗತಿಯಲ್ಲಿ. ಇಂಟರ್ನೆಟ್ ಆರ್ಕೈವಿನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸಾಕಷ್ಟಿವೆ. ಮಕ್ಕಳು ಅವನ್ನೇ ಇಳಿಸಿಕೊಂಡು ತರುತ್ತಾರೆ. ಮಸಿ ಹರಡಿದ ಪುಟದಲ್ಲಿ ಇರುವುದು 'ದನ'ವೋ 'ಧನ'ವೋ? ಹೊಟ್ಟೆ ಸೀಳಿದೆಯೋ ಇಲ್ಲವೋ? ಒಬ್ಬ ಹುಡುಗ ಎರಡು ಬೆರಳು ಅಗಲಿಸಿ, ಅಕ್ಷರ ಹುಣಸೆಬೀಜದಷ್ಟು ದಪ್ಪವಾಗುವ ತನಕ ಹಿಗ್ಗಿಸಿ, "ಸೀಳಿದೆ ಮೇಡಂ" ಅಂದ. ಸಾಲಿನ ಅರ್ಥ ಹಟ್ಟಿಯಿಂದ ಎದ್ದು ತಿಜೋರಿಗೆ ಹೋಯಿತು. ವಿಮರ್ಶೆ ಎಂದರೆ ಇನ್ನೇನು? ಒಂದು ಅಕ್ಷರದ ಹತ್ತಿರ ಹೋಗಿ ನಿಲ್ಲುವುದು, ಆಮೇಲೆ ಬೆರಳು ಕೂಡಿಸಿ ಇಡೀ ಪುಟಕ್ಕೆ ವಾಪಸು ಬರುವುದು. ಹಿಗ್ಗಿಸಿ ಅಲ್ಲೇ ಉಳಿದುಬಿಟ್ಟರೆ ಸಾಲೇ ಕಳೆದುಹೋಗುತ್ತದೆ ಎನ್ನುವುದೂ ಇದರದ್ದೇ ಪಾಠ.

ಇನ್ನು ನನಗೆ ಬೇಡವಾದದ್ದು: ಹೆಬ್ಬೆರಳೊಂದರಿಂದಲೇ ಮೇಲಕ್ಕೆ ತಳ್ಳುತ್ತಾ ಹೋಗುವುದು.

ನಮ್ಮ ಭಾಷೆಯಲ್ಲಿ 'ಹೆಬ್ಬೆಟ್ಟು' ಎಂದರೆ ಬರಿಯ ಬೆರಳಲ್ಲ. ಅವನು ಹೆಬ್ಬೆಟ್ಟು ಎಂದರೆ ಓದುಬರಹ ಬಾರದವನು, ಸಹಿ ಹಾಕುವಲ್ಲಿ ಮಸಿ ಒತ್ತುವವನು. ಓದು ಬಾರದ ಬೆರಳು ಎಂದು ಕನ್ನಡ ಯಾವುದನ್ನು ಗುರುತಿಸಿತ್ತೋ ಅದೇ ಬೆರಳಿನಿಂದ ಇವತ್ತು ನಾವೆಲ್ಲ ಓದುತ್ತಿದ್ದೇವೆ. ನನ್ನ ಅಜ್ಜಿಯೂ ಹೆಬ್ಬೆಟ್ಟೇ. ಆದರೆ ಆಕೆ ಯಾವ ಕಾಗದಕ್ಕೂ ಸುಮ್ಮನೆ ಒತ್ತಿದವಳಲ್ಲ. ಎರಡು ಸಲ ಓದಿಸಿ, "ಇನ್ನೊಂದ್ಸಲ ಹೇಳು" ಎಂದು ಕೇಳಿ, ಆಮೇಲಷ್ಟೇ ಬೆರಳನ್ನು ಮಸಿಗೆ ಕೊಡುತ್ತಿದ್ದಳು. ಎಂ.ಎ. ಮಾಡಿದ ನಾನು ಅಪ್ಪನ ಕಣ್ಣಿನ ಸುದ್ದಿಗೆ ಓದದೆಯೇ ಹೆಬ್ಬೆಟ್ಟು ಒತ್ತಿದೆ.

ಹೆಬ್ಬೆರಳಿನ ಮಾತು ಬಂದರೆ ನಮ್ಮ ಜಿಲ್ಲೆಯವಳಾದ ನನಗೆ ಕುವೆಂಪು ಅವರ 'ಬೆರಳ್‌ಗೆ ಕೊರಳ್' ನೆನಪಾಗದೆ ಇರದು. 1947ರ ಈ ನಾಟಕದ ವಸ್ತು ಏಕಲವ್ಯನದು. ಬೆರಳಿಗೆ ಬೆಲೆ ಕೊರಳು ಎಂದು ಹೆಸರೇ ಹೇಳುತ್ತದೆ. ಕಸುಬು ಇರುವ ಬೆರಳನ್ನು ಕೇಳಿದವನು ಸಣ್ಣದೇನನ್ನೂ ಕೇಳಿರುವುದಿಲ್ಲ. ಇದನ್ನು ಪಾಠ ಮಾಡುವಾಗ ಉತ್ಸಾಹದಲ್ಲಿ ನಾನು, ಏಕಲವ್ಯನಿಂದ ಹೆಬ್ಬೆರಳನ್ನು ಕೇಳಿ ಪಡೆದರು, ನಾವು ಕೇಳದೆಯೇ ಮೊಬೈಲಿಗೆ ಕೊಟ್ಟುಬಿಟ್ಟಿದ್ದೇವೆ ಅಂದುಬಿಟ್ಟೆ. ತಲೆಗಳು ಆಡಿದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು.

"ಮೇಡಂ, ನಾನು ದಿನಾ ಭದ್ರಾವತಿಯಿಂದ ಬಸ್ಸಲ್ಲಿ ನಿಂತ್ಕೊಂಡು ಬರ್ತೀನಿ. ಒಂದ್ ಕೈಲಿ ಕಂಬಿ ಹಿಡ್ಕೊಂಡಿರ್ತೀನಿ. ನೀವು ಹೇಳೋ ಎರಡು ಬೆರಳಿನ ಓದಿಗೆ ಎರಡು ಕೈ ಬೇಕು. ನಂಗಿರೋದು ಒಂದೇ ಹೆಬ್ಬೆರಳು. ಅದ್ರಲ್ಲೇ ಎರಡು ಕಾದಂಬರಿ ಓದಿ ಮುಗಿಸಿದೀನಿ."

ನನ್ನ ಬಳಿ ಉತ್ತರ ಇರಲಿಲ್ಲ. ಮರುವಾರ ಅಪ್ಪನನ್ನು ನೋಡಿ ಬೆಳಗಿನ ಬಸ್ಸಿನಲ್ಲಿ ವಾಪಸು ಬರುವಾಗ ನಾನೂ ಕಂಬಿ ಹಿಡಿದು ಓದಲು ನೋಡಿದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಅವಳು ಹೇಳಿದ್ದು ಸರಿ ಎಂದು ಗೊತ್ತಾಯಿತು. ಎರಡು ಬೆರಳು ಅಗಲಿಸುವುದು ಕೂತವರ ಓದು, ಬಿಡುವಿದ್ದವರ ಓದು. ಬಸ್ಸಿನಲ್ಲಿ ನಿಂತವರ ಪಾಲಿಗೆ ಬಂದಿರುವುದು ಹೆಬ್ಬೆರಳು. ಅದನ್ನೇ ತಪ್ಪು ಎನ್ನುವುದು ಕುರ್ಚಿಯಲ್ಲಿ ಕೂತು ಕೊಡುವ ತೀರ್ಪು.

ಹಾಗಾಗಿ ನನ್ನ ತೀರ್ಪನ್ನು ತಿದ್ದಿಕೊಳ್ಳುತ್ತೇನೆ. ಅವಳ ಕಾದಂಬರಿಗೆ ಕೊನೆಯ ಪುಟ ಇತ್ತು. ಹೆಬ್ಬೆರಳು ತಳ್ಳುತ್ತಾ ಹೋದರೂ ಎಲ್ಲೋ ಒಂದು ಕಡೆ ಕಥೆ ಮುಗಿದು ಅವಳು ಕಿಟಕಿಯ ಹೊರಗೆ ನೋಡಿರುತ್ತಾಳೆ. ನನಗೆ ಬೇಡದ್ದು ಬೆರಳಲ್ಲ, ತಳವಿಲ್ಲದ ಪುಟ. ಎಷ್ಟು ತಳ್ಳಿದರೂ ಮುಗಿಯದ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಬೆರಳು ತೋರಿಸಿದರೆ ಹಸ್ತ ನುಂಗುವವರು ಎಂಬ ಮಾತು ನಮ್ಮಲ್ಲಿದೆ; ತಳವಿಲ್ಲದ ಪುಟ ಹಾಗೆಯೇ, ಒಂದು ಬೆರಳು ಕೊಟ್ಟವರ ಇಡೀ ಸಂಜೆಯನ್ನು ನುಂಗುತ್ತದೆ. ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಮುಗಿಯದ್ದನ್ನು ತಳ್ಳಿ ತಳ್ಳಿ ರೂಢಿಯಾದ ಬೆರಳು, ಮುಗಿಯುವಂಥದ್ದು ಎದುರು ಬಂದಾಗಲೂ ಹಾಗೆಯೇ ತಳ್ಳುತ್ತದೆ. ಕವಿತೆಯನ್ನೂ ತಳ್ಳುತ್ತದೆ, ಅಪ್ಪನನ್ನೂ ತಳ್ಳುತ್ತದೆ.

ಅಪ್ಪ ಮೈಸೂರು ಪೇಪರ್ ಮಿಲ್ಸಿನಲ್ಲಿ ಕೆಲಸ ಮಾಡಿದವರು. 1936ರಲ್ಲಿ ಶುರುವಾದ ಆ ಕಾರ್ಖಾನೆಯ ಕಾಗದದ ಮೇಲೆ ಎಷ್ಟು ಕನ್ನಡ ಅಚ್ಚಾಯಿತೋ ಲೆಕ್ಕವಿಲ್ಲ. 2015ರಲ್ಲಿ ಯಂತ್ರಗಳು ನಿಂತವು, ಅಪ್ಪ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ಈಗಲೂ ಯಾವ ಪುಸ್ತಕ ಕೊಟ್ಟರೂ ಅವರು ಮೊದಲು ಮಾಡುವುದು ಒಂದೇ ಕೆಲಸ: ಹಾಳೆಯ ಮೂಲೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಉಜ್ಜುವುದು. ಕಾಗದಕ್ಕೆ ಎರಡು ಮುಖ, ತಂತಿ ಜಾಲರಿಯ ಮೇಲೆ ಕೂತಿದ್ದ ಮುಖ ಸ್ವಲ್ಪ ಒರಟು ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ಆ ಎರಡು ಬೆರಳುಗಳೇ. ಅವೇ ಎರಡು ಬೆರಳುಗಳನ್ನು ಈಗ ಅವರು ಗಾಜಿನ ಮೇಲೆ ಅಗಲಿಸುತ್ತಾರೆ. ಕಣ್ಣಿನ ನಡುವಿನ ನೋಟ ಮಸುಕಾಗುತ್ತಿದೆ, ಅಂಚು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಅಕ್ಷರ ದೊಡ್ಡದಾದರೆ ಓದಬಲ್ಲರು. ಬೆರಳು ಸ್ವಲ್ಪ ನಡುಗಿದರೆ ಮೊಬೈಲು ಅದನ್ನು ತಳ್ಳಿದ್ದೆಂದು ತಿಳಿದು ಪುಟವನ್ನು ಎಲ್ಲಿಗೋ ಒಯ್ಯುತ್ತದೆ. ಆಗ, "ನಾನೇ ಏನೋ ತಪ್ಪು ಮಾಡ್ದೆ" ಅನ್ನುತ್ತಾರೆ.

ಫೋಟೋ ಹಿಗ್ಗುತ್ತದೆ, ಸ್ಕ್ಯಾನ್ ಮಾಡಿದ ಪುಟ ಹಿಗ್ಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ನಾನು ಬರೆಯುವ ಸಂದೇಶ ಎರಡು ಬೆರಳಿಗೆ ಹಿಗ್ಗುವುದಿಲ್ಲ. ಅಕ್ಷರದ ಗಾತ್ರವನ್ನೇ ದೊಡ್ಡದು ಮಾಡಿಕೊಟ್ಟೆ. ನಾಲ್ಕು ಸಾಲು ಇಡೀ ಪರದೆಯಾಗಿ, ಮತ್ತೆ ತಳ್ಳುವ ಕೆಲಸವೇ ಹೆಚ್ಚಾಯಿತು.

ಅವತ್ತು ಫೋನ್ ಇಟ್ಟ ಮೇಲೆ ಅಪ್ಪನ ಸಂದೇಶವನ್ನು ಮೊದಲಿನಿಂದ ಓದಿದೆ, ಸಾಲಿನ ಕೆಳಗೆ ತೋರುಬೆರಳಿಟ್ಟು, ಒಂದನೇ ಕ್ಲಾಸಿನವರ ಹಾಗೆ. ಡಾಕ್ಟರ ಮಾತು, ಹಾಕಬೇಕಾದ ಇಂಜೆಕ್ಷನ್, ಗಾಬರಿಯಾಗಬೇಡ ಎಂಬ ಸಮಾಧಾನ, ಎಲ್ಲ ಇತ್ತು. ಕೊನೆಯ ಸಾಲು: "ಇದನ್ನು ಬರೆಯಲು ಒಂದು ಗಂಟೆ ಹಿಡಿಯಿತು."

ಈಗ ಅಪ್ಪನಿಗೆ ನಾನು ಸಂದೇಶ ಕಳಿಸುವುದಿಲ್ಲ. ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು, ಫೋಟೋ ತೆಗೆದು ಕಳಿಸುತ್ತೇನೆ. ಅವರು ಎರಡು ಬೆರಳು ಅಗಲಿಸಿ ಓದುತ್ತಾರೆ. ಮೊನ್ನೆ ಫೋನ್ ಮಾಡಿ, "ನಿನ್ನ 'ಧ'ಗೆ ಹೊಟ್ಟೆ ಸೀಳಿಲ್ಲ ನೋಡು" ಅಂದರು.